ಐದನೇ ಸೆಲೆಸ್ಟೀನ್: ಮೊಳೆಯ ಕಥೆ ಬಿಡಿ, ಪೀಠತ್ಯಾಗದ ಕಾಗದ ನೋಡಿ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಉಪನ್ಯಾಸಕ. ವಿದ್ಯಾರ್ಥಿಗಳಿಗಾಗಿ ಪೋಪ್ ಐದನೇ ಸೆಲೆಸ್ಟೀನ್ ಕುರಿತು ಒಂದು ಗಂಟೆಯ ನಾಟಕ ಬರೆಯುತ್ತಿದ್ದೇನೆ. 1294ರಲ್ಲಿ ಬೆಟ್ಟದ ಮೇಲಿನ ಮುದಿ ಸನ್ಯಾಸಿಯನ್ನು ಕರೆತಂದು ಪೋಪ್ ಮಾಡಿದರು, ಐದು ತಿಂಗಳಲ್ಲಿ ಅವರು ಪೀಠ ಬಿಟ್ಟರು ಎಂಬುದಷ್ಟೇ ನನಗೆ ಗಟ್ಟಿಯಾಗಿ ಗೊತ್ತು. ಉಳಿದದ್ದು ಓದಿದಷ್ಟೂ ಗೋಜಲು. ಕಾರ್ಡಿನಲ್ ಬೆನೆದೆತ್ತೊ ಕಯೆತಾನಿ ಎಂಬಾತ ಕೋಣೆಯ ಗೋಡೆಗೆ ಕೊಳವೆ ತೂರಿಸಿ, ರಾತ್ರಿ ಹೊತ್ತು ದೇವದೂತನ ದನಿಯಲ್ಲಿ ‘ಪೀಠ ಬಿಡು’ ಎಂದು ಪಿಸುಗುಟ್ಟಿದನಂತೆ. ಆಮೇಲೆ ತಾನೇ ಎಂಟನೇ ಬೋನಿಫೇಸ್ ಆಗಿ, ಮುದುಕನನ್ನು ಕೋಟೆಯಲ್ಲಿ ಕೂಡಿಹಾಕಿ, ತಲೆಗೆ ಮೊಳೆ ಹೊಡೆಸಿ ಕೊಲ್ಲಿಸಿದನಂತೆ. ರಾಜೀನಾಮೆ ಕೊಟ್ಟ ಮೊದಲ ಪೋಪ್ ಇವರೇ ಎಂದು ಒಂದು ಕಡೆ, ಅಲ್ಲ ಎಂದು ಇನ್ನೊಂದು ಕಡೆ. ಕವಿ ದಾಂತೆ ಅವರನ್ನು ಹೇಡಿ ಎಂದರೆ ಧರ್ಮಸಭೆ ಸಂತ ಎಂದಿದೆ. ಕೊಳವೆ, ಮೊಳೆ ಎರಡೂ ದೃಶ್ಯಗಳನ್ನು ಬರೆದಿಟ್ಟಿದ್ದೇನೆ, ನೋಡುವವರು ಖಂಡಿತ ಬೆರಗಾಗುತ್ತಾರೆ. ಆದರೆ ಮಕ್ಕಳಿಗೆ ಸುಳ್ಳು ಕಲಿಸಿದಂತಾದೀತೆಂಬ ಅಳುಕು. ಯಾವುದನ್ನು ಇಡಲಿ, ಯಾವುದನ್ನು ತೆಗೆಯಲಿ?

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಮೊಳೆಯ ದೃಶ್ಯ ತೆಗೆದುಹಾಕಿ. ಕೊಳವೆಯನ್ನು ನಡೆದ ಘಟನೆಯಾಗಿ ತೋರಿಸಬೇಡಿ, ಬೇಕೆನಿಸಿದರೆ ಗಾಳಿಸುದ್ದಿಯಾಗಿ ಯಾರದಾದರೂ ಬಾಯಲ್ಲಿ ಇಡಿ. ‘ಮೊದಲ ಪೋಪ್’ ಎಂಬ ಮಾತನ್ನು ತಿದ್ದಿ. ಸೆರೆಯನ್ನು ಮಾತ್ರ ಕೈಬಿಡಬೇಡಿ. ಅದು ನಿಜವಾಗಿ ನಡೆದದ್ದು, ಮತ್ತು ಅದು ಅನ್ಯಾಯ. ಕೊಳವೆ–ಮೊಳೆಗಳ ಗದ್ದಲದಲ್ಲಿ ಮರೆಯಾಗುವುದು ಈ ಕಥೆಯ ನಡುಭಾಗ: ಎಂಬತ್ತು ದಾಟಿದ ಒಬ್ಬ ಸನ್ಯಾಸಿ ತನ್ನ ಮಿತಿಯನ್ನು ತಾನೇ ಅರಿತು, ಕಾನೂನು ಬಲ್ಲವರನ್ನು ಕೇಳಿ, ಕಾಗದ ಬರೆಸಿ, ಎಲ್ಲರೆದುರು ಓದಿ ಕೆಳಗಿಳಿದದ್ದು. ಕೊಳವೆಯ ಕಥೆ ನಂಬಿದರೆ ಆ ನಿರ್ಧಾರ ಅವರದಲ್ಲ ಎಂದಾಗುತ್ತದೆ. ನನಗೆ ನೋವು ತರುವುದು ಅದೇ.

ಬೇರಿನಿಂದ ಶುರುಮಾಡೋಣ. ಪೋಪ್ ನಾಲ್ಕನೇ ನಿಕೊಲಸ್ 1292ರ ಏಪ್ರಿಲ್ 4ರಂದು ತೀರಿಕೊಂಡರು. ಮುಂದಿನ ಪೋಪ್ ಆಯ್ಕೆಯಾದದ್ದು 1294ರ ಜುಲೈ 5ಕ್ಕೆ. ಎರಡು ವರ್ಷ ಮೂರು ತಿಂಗಳು ಪೀಠ ಖಾಲಿ. ಆರಿಸಬೇಕಾದವರು ಬರೀ 12 ಕಾರ್ಡಿನಲ್‌ಗಳು, ಅವರಲ್ಲೊಬ್ಬರು ನಡುವೆಯೇ ತೀರಿಕೊಂಡು 11 ಆದರು. ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕು. ರೋಮಿನ ಎರಡು ದೊಡ್ಡ ಮನೆತನಗಳು, ಓರ್ಸೀನಿ ಮತ್ತು ಕೊಲೊನ್ನ, ಒಂದರ ಅಭ್ಯರ್ಥಿಯನ್ನು ಇನ್ನೊಂದು ಒಪ್ಪದು. ರೋಮಿನಲ್ಲಿ ಜ್ವರದ ಬಾಧೆ ಎಂದು ಕೆಲವರು ರಿಯೇತಿಗೆ ಹೋದರು, ಕೊನೆಗೆ 1293ರಲ್ಲಿ ಪೆರೂಜಾದಲ್ಲಿ ಎಲ್ಲರೂ ಸೇರಿದರು.

ಅವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯಲಿಲ್ಲವೇಕೆ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆ ನಿಯಮ ಆಗಲೇ ಹುಟ್ಟಿತ್ತು. ವಿತೆರ್ಬೊ ಊರಿನಲ್ಲಿ 1268ರಿಂದ 1271ರವರೆಗೆ ಆಯ್ಕೆ ಎಳೆದಾಡಿದ ಮೇಲೆ, ಹಾಗೆ ಆರಿಸಿ ಬಂದ ಹತ್ತನೇ ಗ್ರೆಗರಿ 1274ರಲ್ಲಿ, ಇಂದಿನ ಫ್ರಾನ್ಸಿನ ಲಿಯೋನ್ ಊರಿನಲ್ಲಿ ನಡೆದ ಧರ್ಮಸಭೆಯ ಮಹಾಸಭೆಯಲ್ಲಿ, ಕಟ್ಟುನಿಟ್ಟಿನ ಕಾನೂನು ತಂದಿದ್ದರು. ಪೋಪ್ ತೀರಿದ ಊರಿನಲ್ಲೇ ಹತ್ತು ದಿನ ಕಾಯುವುದು, ಆಮೇಲೆ ಕಾರ್ಡಿನಲ್‌ಗಳನ್ನು ಒಟ್ಟಿಗೆ ಒಳಗಿಟ್ಟು ಹೊರಗಿನ ಸಂಪರ್ಕ ಕಡಿಯುವುದು. ಮೂರು ದಿನದಲ್ಲಿ ತೀರ್ಮಾನವಾಗದಿದ್ದರೆ ಮುಂದಿನ ಐದು ದಿನ ಹೊತ್ತಿಗೆ ಒಂದೇ ಬಗೆಯ ಊಟ, ಅದಕ್ಕೂ ಬಗ್ಗದಿದ್ದರೆ ಬರೀ ರೊಟ್ಟಿ, ನೀರು, ದ್ರಾಕ್ಷಾರಸ. ಆಯ್ಕೆ ಮುಗಿಯುವವರೆಗೆ ಪೋಪ್ ಖಜಾನೆಯಿಂದ ಅವರಿಗೆ ಬಿಡಿಗಾಸೂ ಇಲ್ಲ. ಆದರೆ 1276ರಲ್ಲಿ, ಬರೀ ಐದೂವರೆ ವಾರ ಪೋಪ್ ಆಗಿದ್ದ ಐದನೇ ಏಡ್ರಿಯನ್ ಈ ಕಾನೂನನ್ನು ಅಮಾನತಿನಲ್ಲಿಟ್ಟರು, ಅವರ ನಂತರ ಬಂದವರು ರದ್ದೇ ಮಾಡಿದರು. ಹೀಗಾಗಿ 1292ರಲ್ಲಿ ಬೀಗವೂ ಇಲ್ಲ, ಹಸಿವೂ ಇಲ್ಲ, ಆತುರವೂ ಇಲ್ಲ.

ಆತುರವಿದ್ದದ್ದು ನೇಪಲ್ಸಿನ ರಾಜ ಎರಡನೇ ಚಾರ್ಲ್ಸ್‌ಗೆ. 1282ರ ದಂಗೆಯಲ್ಲಿ ಅವನ ಮನೆತನ ಸಿಸಿಲಿ ದ್ವೀಪವನ್ನು ಕಳೆದುಕೊಂಡಿತ್ತು. ಅದನ್ನು ಮರಳಿ ಪಡೆಯಲು ಅರಗೊನ್ ರಾಜನೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಪೋಪ್ ಒಪ್ಪಿಗೆ ಬೇಕು, ಪೋಪ್ ಇಲ್ಲ. 1294ರ ವಸಂತದಲ್ಲಿ ಅವನೇ ಪೆರೂಜಾಕ್ಕೆ ಬಂದು ಕಾರ್ಡಿನಲ್‌ಗಳನ್ನು ಒತ್ತಾಯಿಸಿದ. ಆಗ ಅವನಿಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟವರು ಇದೇ ಬೆನೆದೆತ್ತೊ ಕಯೆತಾನಿ. ಹಿಂತಿರುಗುವ ದಾರಿಯಲ್ಲಿ ರಾಜ ಸುಲ್ಮೋನಾ ಬಳಿಯ ಮೊರೋನೆ ಬೆಟ್ಟದಲ್ಲಿದ್ದ ಪಿಯೆತ್ರೊ ಎಂಬ ಸನ್ಯಾಸಿಯನ್ನು ಕಂಡ.

ನಿಮ್ಮ ಮೊದಲ ದೃಶ್ಯಕ್ಕೆ ಬೇಕಾದ ಸಾಮಗ್ರಿ ಇಲ್ಲಿಂದ ಸಿಗುತ್ತದೆ. ಪಿಯೆತ್ರೊ ಕಾರ್ಡಿನಲ್ ಲಾತೀನೊ ಮಲಬ್ರಾಂಕ ಅವರಿಗೆ ಪತ್ರ ಬರೆದು, ಇನ್ನೂ ತಡಮಾಡಿದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಎಚ್ಚರಿಸಿದ್ದರು. ಅದೇ ಹೊತ್ತಿಗೆ ಕಾರ್ಡಿನಲ್ ನಪೊಲೆಯೋನೆ ಓರ್ಸೀನಿ ಅವರ ತಮ್ಮ, ಇನ್ನೂ ಎಳೆಯ, ಕುದುರೆಯಿಂದ ಬಿದ್ದು ಸತ್ತ. ಸಾವಿನ ನೆರಳಲ್ಲಿ ಕೂತಿದ್ದ ಸಭೆಯಲ್ಲಿ ಮಲಬ್ರಾಂಕ ಆ ಪತ್ರದ ವಿಷಯ ತೆಗೆದು, ನನ್ನ ಮತ ಪಿಯೆತ್ರೊಗೇ ಎಂದುಬಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ಭಕ್ತಿ ಇತ್ತು, ದಣಿವೂ ಇತ್ತು. ಎರಡೂ ಬಣಗಳಿಗೆ ಸೇರದ, ಹೆಚ್ಚು ದಿನ ಬದುಕದ ಮುದುಕ ಎಂಬ ಲೆಕ್ಕವೂ ಇದ್ದಿರಲೇಬೇಕು ಎಂಬುದು ನನ್ನ ಅನಿಸಿಕೆ.

ಈಗ ಒಂದು ತಪ್ಪು ಕಲ್ಪನೆ ತೆಗೆಯಬೇಕು. ‘ಏನೂ ತಿಳಿಯದ ಗುಹಾವಾಸಿ’ ಎಂದು ಪಿಯೆತ್ರೊ ಅವರನ್ನು ಬರೆಯಬೇಡಿ. ಅವರು ಹುಟ್ಟಿದ್ದು 1210ರ ಆಸುಪಾಸು, ಮೊಲೀಸೆ ಸೀಮೆಯ ರೈತರ ಮನೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರಾಗಿ. ಹರೆಯದಲ್ಲೇ ಬೆನೆಡಿಕ್ಟಿನ್ ಮಠ ಸೇರಿ, ಆಮೇಲೆ ಮೊರೋನೆ ಮತ್ತು ಮಯೆಲ್ಲ ಬೆಟ್ಟಗಳಲ್ಲಿ ಕಠಿಣ ಉಪವಾಸದ ಏಕಾಂತ ನಡೆಸಿದರು. ಆದರೆ ಹಿಂದೆ ಬಂದ ಶಿಷ್ಯರಿಗಾಗಿ ಒಂದು ಮಠಗಳ ಬಳಗವನ್ನೇ ಕಟ್ಟಿದರು. 1263ರಲ್ಲಿ ಪೋಪ್ ನಾಲ್ಕನೇ ಅರ್ಬನ್ ಅದನ್ನು ಬೆನೆಡಿಕ್ಟಿನ್ ಪರಂಪರೆಗೆ ಸೇರಿಸಿದರು. ಲಿಯೋನ್ ಮಹಾಸಭೆ ಹೊಸ ಪಂಥಗಳನ್ನು ಮುಚ್ಚಲಿದೆ ಎಂಬ ಭಯ ಹುಟ್ಟಿದಾಗ, ಅರವತ್ತು ದಾಟಿದ ಇವರು ಇಟಲಿಯಿಂದ ಲಿಯೋನ್‌ವರೆಗೆ ನಡೆದು ಹೋಗಿ ಹತ್ತನೇ ಗ್ರೆಗರಿಯವರಿಂದ ರಕ್ಷಣೆಯ ಪತ್ರ ತಂದರು. ಲಾಕ್ವಿಲಾ ಊರಿನ ಕೊಲ್ಲೆಮಾಜ್ಜೊ ದೇವಾಲಯ ಕಟ್ಟಿಸಿ 1288ರಲ್ಲಿ ಪ್ರತಿಷ್ಠೆಯಾಗುವಂತೆ ನೋಡಿಕೊಂಡರು. ಜಮೀನು, ಹಣ, ಮನುಷ್ಯರು ಮೂರನ್ನೂ ನಿಭಾಯಿಸಿದ ವ್ಯಕ್ತಿ. ಪೋಪ್ ಕಚೇರಿ ಮಾತ್ರ ಬೇರೆಯೇ ಜಾತಿಯ ಯಂತ್ರ.

ಆ ಯಂತ್ರ ಹೇಗೆ ನಡೆಯುತ್ತಿತ್ತು ಎಂದು ತಿಳಿದರೆ ಅವರು ಸೋತದ್ದು ಎಲ್ಲಿ ಎಂದು ಕಾಣುತ್ತದೆ. ಯುರೋಪಿನ ಮೂಲೆಮೂಲೆಯಿಂದ ಅರ್ಜಿ ಬರುತ್ತದೆ: ಇಂಥ ಊರಿನ ಗುರುಹುದ್ದೆ ಕೊಡಿ, ಇಂಥ ಮದುವೆಗೆ ವಿನಾಯಿತಿ ಕೊಡಿ, ಇಂಥ ತಗಾದೆ ತೀರಿಸಿ. ಒಪ್ಪಿಗೆ ಸಿಕ್ಕ ಅರ್ಜಿಗೆ ಕರಡು, ಕರಡಿನ ತಿದ್ದುಪಡಿ, ಚರ್ಮಪತ್ರದ ಮೇಲೆ ಶುದ್ಧಪ್ರತಿ, ಮತ್ತೊಮ್ಮೆ ತಾಳೆ, ಆಮೇಲೆ ಸೀಸದ ಮುದ್ರೆ. ಮುದ್ರೆಯ ಒಂದು ಬದಿಯಲ್ಲಿ ಸಂತ ಪೇತ್ರ–ಪೌಲರ ಮುಖ, ಇನ್ನೊಂದು ಬದಿಯಲ್ಲಿ ಪೋಪ್ ಹೆಸರು. ಅನುಗ್ರಹದ ಪತ್ರವಾದರೆ ಮುದ್ರೆಯನ್ನು ರೇಷ್ಮೆ ದಾರಕ್ಕೆ ಪೋಣಿಸುತ್ತಾರೆ, ಆಜ್ಞೆಯಾದರೆ ಸೆಣಬಿನ ದಾರಕ್ಕೆ. ಈ ಸರಣಿಯಲ್ಲಿ ‘ಇದನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ’ ಎಂದು ತಡೆಯುವವರು ಇಲ್ಲದಿದ್ದರೆ ಒಂದೇ ಹುದ್ದೆ ಇಬ್ಬರು ಮೂವರಿಗೆ ಹೋಗುತ್ತದೆ. ಸೆಲೆಸ್ಟೀನ್ ಕಾಲದಲ್ಲಿ ಆದದ್ದು ಅದೇ. ಖಾಲಿ ಚರ್ಮಪತ್ರಕ್ಕೇ ಮುದ್ರೆ ಒತ್ತಿಸಿಕೊಂಡು ಆಮೇಲೆ ಬೇಕಾದ್ದು ಬರೆದುಕೊಂಡರು ಎಂದು ಆ ಕಾಲದವರೇ ದೂರಿದ್ದಾರೆ. ಪೋಪ್ ಲ್ಯಾಟಿನ್ ಅಷ್ಟಕ್ಕಷ್ಟೇ, ಕಾರ್ಡಿನಲ್‌ಗಳ ಸಭೆ ಆಡುಭಾಷೆಯಲ್ಲಿ ನಡೆಯಬೇಕಾಯಿತು. ಕೇಳಿದವರಿಗೆ ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಏಕಾಂತವಾಸಿಗೆ ಅದು ಗುಣ, ಮುದ್ರೆ ಹಿಡಿದವರಿಗೆ ಅದೇ ಅಪಾಯ.

ಮೇಲಾಗಿ ಅವರು ರಾಜನ ಕೈಯಳತೆಯಲ್ಲಿದ್ದರು. ಮೊರೋನೆ ಬೆಟ್ಟ, ಲಾಕ್ವಿಲಾ, ನೇಪಲ್ಸ್ ಎಲ್ಲವೂ ಚಾರ್ಲ್ಸ್ ರಾಜ್ಯದೊಳಗಿನವು. ಪೆರೂಜಾಕ್ಕೆ ಬನ್ನಿ ಎಂದು ಕಾರ್ಡಿನಲ್‌ಗಳು ಕರೆದರೂ ಅವರು ಹೋಗಲಿಲ್ಲ, ಕಾರ್ಡಿನಲ್‌ಗಳೇ ಇವರಲ್ಲಿಗೆ ಬಂದರು. ಕತ್ತೆಯ ಮೇಲೆ ಕೂತು ಲಾಕ್ವಿಲಾ ಪ್ರವೇಶಿಸಿದಾಗ ಕಡಿವಾಣ ಹಿಡಿದು ನಡೆದವರು ರಾಜ ಮತ್ತು ರಾಜಕುಮಾರ. ನಿಮ್ಮ ನಾಟಕದಲ್ಲಿ ಈ ಚಿತ್ರ ಇರಲೇಬೇಕು, ಅದಕ್ಕೆ ಎರಡು ಅರ್ಥ. ಆಗಸ್ಟ್ 29ರಂದು ಕೊಲ್ಲೆಮಾಜ್ಜೊದಲ್ಲಿ ಪಟ್ಟಾಭಿಷೇಕ. ಸೆಪ್ಟೆಂಬರ್ 18ರಂದು ಒಂದೇ ಏಟಿಗೆ 12 ಹೊಸ ಕಾರ್ಡಿನಲ್‌ಗಳ ನೇಮಕ. ಹೆಚ್ಚಿನವರು ಫ್ರೆಂಚರು ಅಥವಾ ಚಾರ್ಲ್ಸ್ ಕಡೆಯವರು, ಇಬ್ಬರು ಸ್ವಂತ ಮಠದವರು. ಮಲಬ್ರಾಂಕ ಆಗಸ್ಟಿನಲ್ಲಿ ತೀರಿದ್ದರಿಂದ ಹಳಬರು ಹತ್ತೇ ಮಂದಿ ಉಳಿದಿದ್ದರು, ಅಂದರೆ ಬಹುಮತವೇ ಕೈಬದಲಾಯಿತು. ರಾಜನ ಮಗ ಲೂಯಿಗೆ, ಇಪ್ಪತ್ತರ ಹುಡುಗನಿಗೆ, ಲಿಯೋನ್ ಮಹಾಧರ್ಮಾಧ್ಯಕ್ಷ ಪದವಿ. ರೋಮಿಗೆ ಹೋಗುವ ಬದಲು ನವೆಂಬರಿನಲ್ಲಿ ನೇಪಲ್ಸಿಗೆ, ರಾಜನ ಕಾಸ್ತೆಲ್ ನುವೊವೊ ಕೋಟೆಗೆ. ಅಲ್ಲಿ ತಮಗಾಗಿ ಮರದ ಹಲಗೆಯ ಒಂದು ಪುಟ್ಟ ಕೋಣೆ ಕಟ್ಟಿಸಿಕೊಂಡು ಒಳಗೆ ಕೂತರು. ಪೋಪ್ ಆಗಿ ಅವರು ರೋಮ್ ನೋಡಲೇ ಇಲ್ಲ.

ಎಲ್ಲವೂ ಎಡವಟ್ಟೇ ಎನ್ನಬೇಡಿ. ಎರಡು ಕೆಲಸಗಳು ಉಳಿದುಕೊಂಡವು. ಒಂದು, ಹತ್ತನೇ ಗ್ರೆಗರಿಯ ಬೀಗದ ಕಾನೂನನ್ನು ಅವರು ಮರಳಿ ಜಾರಿಗೆ ತಂದದ್ದು. ತಮ್ಮ ಆಯ್ಕೆಯ ಹಿಂದಿದ್ದ ರೋಗಕ್ಕೇ ಮದ್ದು ಹಾಕಿದರು. ಇನ್ನೊಂದು, ಆಗಸ್ಟ್ 28ರ ಸಂಜೆ ಪ್ರಾರ್ಥನೆಯಿಂದ 29ರ ಸಂಜೆವರೆಗೆ, ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿ ಕೊಲ್ಲೆಮಾಜ್ಜೊ ಪ್ರವೇಶಿಸುವವರಿಗೆಲ್ಲ ಪೂರ್ಣ ದಂಡವಿಮೋಚನೆ, ಅಂದರೆ ಪಾಪಕ್ಕೆ ಬಾಕಿಯಿದ್ದ ಶಿಕ್ಷೆಯ ಮನ್ನಾ, ಕೊಟ್ಟದ್ದು. ಶಿಲುಬೆ ಯುದ್ಧಕ್ಕೆ ಹೋಗಬೇಕಿಲ್ಲ, ಹಣ ಕೊಡಬೇಕಿಲ್ಲ, ದೂರದ ಯಾತ್ರೆಯೂ ಬೇಕಿಲ್ಲ. ಬೋನಿಫೇಸ್ ಅದನ್ನು 1295ರಲ್ಲಿ ರದ್ದು ಮಾಡಿದರೂ ಲಾಕ್ವಿಲಾ ಜನ ಮೂಲ ಪತ್ರವನ್ನು ಬಿಟ್ಟುಕೊಡಲಿಲ್ಲ. ‘ಪೆರ್ದೊನಾಂಜ’ ಎಂಬ ಹೆಸರಿನಲ್ಲಿ ಆ ಹಬ್ಬ ಇಂದಿಗೂ ನಡೆಯುತ್ತದೆ, 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ಇನ್ನು ಪೀಠತ್ಯಾಗ. ಡಿಸೆಂಬರ್ ಹೊತ್ತಿಗೆ ಅವರ ಮುಂದೆ ಮೂರು ದಾರಿಗಳಿದ್ದವು. ಇದ್ದ ಹಾಗೇ ಮುಂದುವರಿಯುವುದು: ಕಚೇರಿಯ ಗೊಂದಲ ಬೆಳೆಯುತ್ತದೆ, ರಾಜನ ಹಿಡಿತ ಬಿಗಿಯುತ್ತದೆ. ಎರಡನೆಯದು, ಕ್ರಿಸ್ಮಸ್ ಮುಂಚಿನ ಉಪವಾಸದ ದಿನಗಳಲ್ಲಿ ತಾವು ಪ್ರಾರ್ಥನೆಯಲ್ಲಿದ್ದು, ಮೂವರು ಕಾರ್ಡಿನಲ್‌ಗಳ ಕೈಗೆ ಆಡಳಿತ ಕೊಡುವುದು. ಇದನ್ನು ಅವರು ನಿಜವಾಗಿ ಯೋಚಿಸಿದ್ದರು. ಕಾರ್ಡಿನಲ್ ಮತ್ತೇಯೊ ರೊಸ್ಸೊ ಓರ್ಸೀನಿ ವಿರೋಧಿಸಿದರು. ವಿರೋಧದಲ್ಲಿ ಹುರುಳಿತ್ತು: ಮೂವರು ಮೂರು ಬಗೆಯಾಗಿ ಸಹಿ ಹಾಕಿದರೆ ಯಾರ ಆಜ್ಞೆ ಪೋಪ್ ಆಜ್ಞೆ? ಉಳಿದದ್ದು ಇಳಿದುಬಿಡುವುದು. ಆದರೆ ಇಳಿಯಬಹುದೇ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾಟಕದ ಜೀವ ಇಲ್ಲಿದೆ. ಬಿಷಪ್ ಒಬ್ಬರು ಪದವಿ ಬಿಡಬೇಕಾದರೆ ಮೇಲಿರುವ ಪೋಪ್ ಒಪ್ಪಬೇಕು. ಬಿಷಪ್ಪರಿಗೂ ಅವರ ಧರ್ಮಕ್ಷೇತ್ರಕ್ಕೂ ಇರುವುದು ಮದುವೆಯಂಥ ನಂಟು, ಅದನ್ನು ಬಿಡಿಸುವ ಅಧಿಕಾರ ಪೋಪ್‌ಗೆ ಮಾತ್ರ ಎಂಬುದು ಆಗಿನ ನ್ಯಾಯ. ಹಾಗಾದರೆ ಪೋಪ್ ತಾವೇ ಬಿಡಬೇಕಾದರೆ ಕಾಗದ ಯಾರ ಕೈಗೆ? ಮೇಲೆ ದೇವರಲ್ಲದೆ ಯಾರೂ ಇಲ್ಲ. ಪೋಪ್ ಪೀಠ ಬಿಡಬಹುದು ಎಂದು ಹನ್ನೆರಡನೇ ಶತಮಾನದಲ್ಲೇ ಹುಗೂಚ್ಚೊನಂಥ ಪಂಡಿತರು ಬರೆದಿದ್ದರು, ಆದರೆ ಪಂಡಿತರ ಮಾತು ಕಾನೂನಲ್ಲ. ಸೆಲೆಸ್ಟೀನ್ ಕೇಳಿದ್ದು ಕಾನೂನು ಬಲ್ಲ ಕಾರ್ಡಿನಲ್‌ಗಳನ್ನು. ಕಯೆತಾನಿ ಅವರಲ್ಲೊಬ್ಬರು, ಪಾರ್ಮಾದ ಜೆರಾರ್ದೊ ಬಿಯಾಂಕಿ ಇನ್ನೊಬ್ಬರು. ಸುದ್ದಿ ಹೊರಬಿದ್ದಾಗ ನೇಪಲ್ಸಿನ ಜನ, ಅವರ ಶಿಷ್ಯರ ಮುಂದಾಳುತನದಲ್ಲಿ, ಕೋಟೆಗೆ ನುಗ್ಗಿ ಬೇಡವೆಂದು ಗೋಗರೆದರು. ಅವರು ಖಚಿತ ಉತ್ತರ ಕೊಡದೆ ಸಮಾಧಾನ ಹೇಳಿ ಕಳಿಸಿದರು.

ಡಿಸೆಂಬರ್ 13, ಸಂತ ಲೂಸಿಯ ದಿನ. ಸಭೆಯ ಕ್ರಮವನ್ನು ರಂಗದ ಮೇಲೆ ಹಾಗೆಯೇ ತರಬಹುದು. ಮೊದಲು, ಪೋಪ್ ಸ್ವಇಚ್ಛೆಯಿಂದ ಪೀಠ ಬಿಡಬಹುದು ಎಂಬ ಶಾಸನ. ಕಾನೂನು ಮಾಡುವ ಅಧಿಕಾರ ಕೈಯಲ್ಲಿರುವಾಗಲೇ, ಅದನ್ನು ಬಿಡುವ ಕಾನೂನು ಮಾಡಿಕೊಂಡರು. ನಂತರ ತಮ್ಮ ತ್ಯಾಗಪತ್ರದ ಓದು. ಕೊಟ್ಟ ಕಾರಣಗಳು: ವಿನಯ, ಹೆಚ್ಚು ಪರಿಶುದ್ಧ ಬದುಕಿನ ಆಸೆ, ನಿರ್ಮಲ ಅಂತಃಸಾಕ್ಷಿ, ದೇಹದ ದುರ್ಬಲತೆ, ತಿಳಿವಳಿಕೆಯ ಕೊರತೆ, ಜನರ ಕೆಡುಕು. ಆಮೇಲೆ ಪೀಠದಿಂದಿಳಿದು ಉಂಗುರ, ಕಿರೀಟ, ಮೇಲಂಗಿ ತೆಗೆದಿಟ್ಟು ಕೆಳಗೆ ಕೂತರು. ಕೊನೆಗೆ ಹಳೆಯ ಸನ್ಯಾಸಿ ಉಡುಪು. ಆಯ್ಕೆಯ ದಿನದಿಂದ ಎಣಿಸಿದರೆ 161 ದಿನ, ಪಟ್ಟಾಭಿಷೇಕದಿಂದಾದರೆ 106. ಅವರೇ ಮರಳಿ ತಂದ ಕಾನೂನಿನಂತೆ ಹತ್ತು ದಿನ ಕಾದು, 23ರಂದು ಕಾರ್ಡಿನಲ್‌ಗಳು ಒಳಹೋದರು, 24ಕ್ಕೆ ಕಯೆತಾನಿ ಎಂಟನೇ ಬೋನಿಫೇಸ್ ಆಗಿ ಹೊರಬಂದರು. ಎರಡು ವರ್ಷ ಮೂರು ತಿಂಗಳ ಕೆಲಸ ಒಂದು ದಿನದಲ್ಲಿ ಮುಗಿಯಿತು.

ಸಲಹೆ ಕೊಟ್ಟವರೇ ಪೀಠ ಏರಿದರೆ ಜನ ಏನೆನ್ನುತ್ತಾರೆ? ಕೊಳವೆಯ ಕಥೆ ಹುಟ್ಟಿದ್ದು ಅಲ್ಲೇ. ಅದನ್ನು ಹೇಳುವವರು ಬೋನಿಫೇಸ್ ವಿರೋಧಿಗಳು ಮತ್ತು ನಂತರದ ಕಥನಕಾರರು. ಅಲ್ಲಿದ್ದು ಬಲ್ಲ ಯಾಕೊಪೊ ಸ್ತೆಫನೆಸ್ಕಿ ಸೆಲೆಸ್ಟೀನರ ಬಗ್ಗೆ ದೀರ್ಘ ಲ್ಯಾಟಿನ್ ಪದ್ಯವನ್ನೇ ಬರೆದಿದ್ದಾರೆ, ಅದರಲ್ಲಿ ಕಾಣುವುದು ಸಮಾಲೋಚನೆ, ಹಿಂಜರಿಕೆ, ನಿರ್ಧಾರ. ಆರೋಪವೊಂದು ಎದುರಾದಾಗ ಅದನ್ನು ಮೊದಲು ಯಾರು ಹೇಳಿದರು, ಯಾವಾಗ, ಅದರಿಂದ ಅವರಿಗೇನು ಲಾಭ ಎಂದು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಬೋನಿಫೇಸ್ ಜೊತೆ ಜಗಳಕ್ಕಿಳಿದ ಕೊಲೊನ್ನ ಮನೆತನದ ಇಬ್ಬರು ಕಾರ್ಡಿನಲ್‌ಗಳು 1297ರ ಮೇ ತಿಂಗಳಲ್ಲಿ, ಪೋಪ್ ಪದವಿ ದೇವರಿಂದ ಬಂದದ್ದು, ಅದನ್ನು ಮನುಷ್ಯ ಬಿಡಲಾರ, ಆದ್ದರಿಂದ ಬೋನಿಫೇಸ್ ಪೋಪ್ ಅಲ್ಲ ಎಂದು ಸಾರಿದರು. ಅದೇ ಇಬ್ಬರು 1294ರಲ್ಲಿ ಆ ಆಯ್ಕೆಯ ಕೋಣೆಯೊಳಗಿದ್ದರು ಎಂಬುದನ್ನು ಮರೆಯಬೇಡಿ. ಪೀಠತ್ಯಾಗ ಸರಿ ಎಂದು ವಾದಿಸಿದವರಲ್ಲಿ ಪೀಟರ್ ಒಲೀವಿ ಇದ್ದದ್ದು ಗಮನಾರ್ಹ. ಸೆಲೆಸ್ಟೀನ್‌ರನ್ನು ಪ್ರೀತಿಸುತ್ತಿದ್ದ ಕಟ್ಟಾ ಬಡತನವಾದಿ ಫ್ರಾನ್ಸಿಸ್ಕನ್ನರ ಗುರು ಅವರು, ಬೋನಿಫೇಸ್‌ಗೆ ಬೇಕಾದವರೇನಲ್ಲ. ಬೋನಿಫೇಸ್ ಮುಂದೆ 1298ರ ಕಾನೂನು ಸಂಗ್ರಹದಲ್ಲಿ ಸೆಲೆಸ್ಟೀನರ ಶಾಸನವನ್ನು ಹೆಸರು ಹೇಳಿ ಸೇರಿಸಿದರು.

ಈಗ ಸೆರೆ. ಬೋನಿಫೇಸ್ ಅವರ ಭಯ ಏನೆಂದು ಅರ್ಥಮಾಡಿಕೊಳ್ಳದೆ ಅವರನ್ನು ಬರೀ ಖಳನಾಗಿ ಬರೆದರೆ ನಾಟಕ ತೆಳುವಾಗುತ್ತದೆ. ಮಾಜಿ ಪೋಪ್ ಜೀವಂತವಾಗಿದ್ದಾರೆ, ಜನ ಅವರನ್ನು ಸಂತನೆಂದು ಪೂಜಿಸುತ್ತಾರೆ, ಹೊಸ ಪೋಪ್ ಅವರ ಕೊಡುಗೆಗಳನ್ನೆಲ್ಲ ರದ್ದು ಮಾಡಿ ಶತ್ರುಗಳನ್ನು ಕಟ್ಟಿಕೊಂಡಿದ್ದಾರೆ. ಯಾವ ರಾಜನಾದರೂ ಆ ಮುದುಕರನ್ನು ಎತ್ತಿಕೊಂಡು ಹೋಗಿ ‘ಇವರೇ ನಿಜವಾದ ಪೋಪ್’ ಎಂದರೆ ಧರ್ಮಸಭೆ ಎರಡಾಗಿ ಸೀಳುತ್ತದೆ. ಇಳಿದ ಪೋಪ್ ಎಲ್ಲಿರಬೇಕು, ಯಾರ ಅಧೀನದಲ್ಲಿ ಎಂದು ಡಿಸೆಂಬರ್ 13ರ ಶಾಸನ ಹೇಳಿರಲಿಲ್ಲ. ಆ ಖಾಲಿ ಜಾಗವನ್ನು ಬೋನಿಫೇಸ್ ಕೋಟೆಯಿಂದ ತುಂಬಿದರು. ಭಯ ನಿಜ, ಆದರೂ ಮಾಡಿದ್ದು ತಪ್ಪು. ಪಿಯೆತ್ರೊ ಕೇಳಿದ್ದು ತಮ್ಮ ಹಳೆಯ ಗುಹೆಯನ್ನಷ್ಟೇ.

ರೋಮಿಗೆ ಕರೆದೊಯ್ಯುವಾಗ ಅವರು ದಾರಿಯಲ್ಲೇ ತಪ್ಪಿಸಿಕೊಂಡು ಮೊರೋನೆಗೆ ಮರಳಿದರು. ಹಿಡಿಯಲು ಬರುತ್ತಾರೆಂದು ತಿಳಿದು ಪೂಲ್ಯ ಸೀಮೆಯ ಕಾಡುಗಳಲ್ಲಿ ಅಲೆದು, ದೋಣಿ ಹತ್ತಿ ಏಡ್ರಿಯಾಟಿಕ್ ದಾಟಿ ಗ್ರೀಸ್ ಕಡೆ ಹೊರಟರು. ಬಿರುಗಾಳಿ ದೋಣಿಯನ್ನು ವಿಯೆಸ್ತೆ ದಡಕ್ಕೆ ತಳ್ಳಿತು, 1295ರ ಮೇ ತಿಂಗಳಲ್ಲಿ ಅಲ್ಲಿ ಸಿಕ್ಕಿಬಿದ್ದರು. ಆನಾಞಿಯಲ್ಲಿ ಕೆಲವು ವಾರ, ನಂತರ ಬೆಟ್ಟದ ಮೇಲಿನ ಫುಮೋನೆ ಕೋಟೆಯ ಇಕ್ಕಟ್ಟಾದ ಕೋಣೆ, ಜೊತೆಗೆ ತಮ್ಮ ಮಠದ ಇಬ್ಬರು ಸನ್ಯಾಸಿಗಳು. 1296ರ ಮೇ 19ರಂದು ಅಲ್ಲೇ ತೀರಿಕೊಂಡರು. ವಯಸ್ಸು ಸುಮಾರು 86.

ಮೊಳೆಯ ವಿಷಯ. ಅವರ ತಲೆಬುರುಡೆಯ ಎಡಭಾಗದಲ್ಲಿ ಒಂದು ಸಣ್ಣ ತೂತು ಇರುವುದು ನಿಜ, ಕಥೆಗೆ ಬಲ ಬಂದದ್ದು ಅದರಿಂದ. ಆದರೆ ತೂತು ಯಾವಾಗ ಆಯಿತೆಂದು ಮೂಳೆಯೇ ಹೇಳುತ್ತದೆ. ಬದುಕಿರುವಾಗಿನ ಮೂಳೆ ಹಸಿಯಾಗಿ, ಸ್ವಲ್ಪ ಬಾಗುವಂತಿರುತ್ತದೆ, ಪೆಟ್ಟಿಗೆ ಅದು ಸೀಳುವ ರೀತಿ ಬೇರೆ. ಒಣಗಿದ ಮೂಳೆ ಪುಡಿಯಾಗುವಂತೆ ಒಡೆಯುತ್ತದೆ, ಒಡೆದ ಅಂಚಿನ ಬಣ್ಣವೂ ಸುತ್ತಲಿನ ಮೂಳೆಯ ಬಣ್ಣಕ್ಕೆ ಹೊಂದುವುದಿಲ್ಲ. 2013ರಲ್ಲಿ ಅವಶೇಷಗಳನ್ನು ಪರೀಕ್ಷಿಸಿದವರು, ತೂತು ಆದದ್ದು ಸತ್ತು ಬಹುಕಾಲದ ಮೇಲೆ ಎಂಬ ತೀರ್ಮಾನಕ್ಕೆ ಬಂದರು. ಅದಕ್ಕೆ ಅವಕಾಶಗಳೂ ಬೇಕಾದಷ್ಟಿದ್ದವು: ಮೊದಲು ಫೆರೆಂತೀನೊದಲ್ಲಿ ಹೂತ ದೇಹವನ್ನು 1327ರಲ್ಲಿ ಲಾಕ್ವಿಲಾಕ್ಕೆ ಸಾಗಿಸಿದರು, ಪೆಟ್ಟಿಗೆಯನ್ನು ಹಲವು ಸಲ ತೆರೆದರು, 1988ರಲ್ಲಿ ಯಾರೋ ಕದ್ದೊಯ್ದು ಎರಡು ದಿನಗಳ ಮೇಲೆ ಸಿಕ್ಕಿತು.

ಮೂಳೆಗಿಂತ ಬಲವಾದ ಸಾಕ್ಷಿ ಕಾಗದದ್ದು. ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್‌ಗೆ ಬೋನಿಫೇಸ್ ಮೇಲೆ ಎಂಥ ದ್ವೇಷವೆಂದರೆ, 1303ರಲ್ಲಿ ಅವರು ಸತ್ತ ಮೇಲೂ ವಿಚಾರಣೆ ನಡೆಸಬೇಕೆಂದು ಹಟ ಹಿಡಿದ. ಸೆಲೆಸ್ಟೀನ್ ಸಾವಿಗೆ ಬೋನಿಫೇಸ್ ಕಾರಣ ಎಂಬುದೂ ಆರೋಪಗಳಲ್ಲಿತ್ತು. ಅದೇ ಫಿಲಿಪ್ ಒತ್ತಡದಲ್ಲಿ ಪೋಪ್ ಐದನೇ ಕ್ಲೆಮೆಂಟ್ 1313ರ ಮೇ 5ರಂದು ಸೆಲೆಸ್ಟೀನ್ ಅವರನ್ನು ಸಂತರೆಂದು ಘೋಷಿಸಿದಾಗ, ಹುತಾತ್ಮರ ಪಟ್ಟಿಯಲ್ಲಿ ಸೇರಿಸಲಿಲ್ಲ, ಹುತಾತ್ಮರಲ್ಲದ ಸಂತರಿಗೆ ಸಲ್ಲುವ ‘ವಿಶ್ವಾಸ ಸಾಕ್ಷಿ’ ಎಂಬ ಹೆಸರಿನಿಂದಷ್ಟೇ ಕರೆದರು. ಕೊಲೆ ರುಜುವಾತಾಗಿದ್ದರೆ ಫಿಲಿಪ್ ಸುಮ್ಮನಿರುತ್ತಿರಲಿಲ್ಲ.

‘ಮೊದಲ ಪೋಪ್’ ಎಂಬ ಗೊಂದಲ ಬೇಗ ತೀರುತ್ತದೆ. 235ರಲ್ಲಿ ಗಡೀಪಾರಾದ ಪೊಂಶಿಯನ್ ಪದವಿ ಬಿಟ್ಟಿದ್ದರು. 1045ರಲ್ಲಿ ಒಂಬತ್ತನೇ ಬೆನೆಡಿಕ್ಟ್ ಹಣಕ್ಕೆ ಬಿಟ್ಟುಕೊಟ್ಟರು, ಕೊಂಡ ಆರನೇ ಗ್ರೆಗರಿ ಮರುವರ್ಷವೇ ಇಳಿಯಬೇಕಾಯಿತು. ಸೆಲೆಸ್ಟೀನ್ ನಂತರ 1415ರಲ್ಲಿ ಹನ್ನೆರಡನೇ ಗ್ರೆಗರಿ, ಒಂದೇ ಕಾಲಕ್ಕೆ ಹಲವರು ತಾವೇ ಪೋಪ್ ಎನ್ನುತ್ತಿದ್ದ ಒಡಕು ಮುಗಿಸಲು. 2013ರಲ್ಲಿ ಹದಿನಾರನೇ ಬೆನೆಡಿಕ್ಟ್. ಬಲವಂತ, ಹಣ, ಒಪ್ಪಂದ ಯಾವುದೂ ಇಲ್ಲದೆ, ಮೊದಲು ಕಾನೂನು ಬರೆದು ಅದರಂತೆ ಇಳಿದ ಮೊದಲಿಗರು ಸೆಲೆಸ್ಟೀನ್ ಎಂದು ಬರೆದರೆ ಸರಿ. ಧರ್ಮಸಭೆಯ ಇಂದಿನ ಕಾನೂನಾದ ಕ್ಯಾನನ್ ಕಾನೂನಿನ 332ನೇ ವಿಧಿ, ರಾಜೀನಾಮೆ ಸ್ವತಂತ್ರವಾಗಿರಬೇಕು, ಸರಿಯಾಗಿ ಪ್ರಕಟವಾಗಬೇಕು, ಯಾರೂ ಅಂಗೀಕರಿಸಬೇಕಾಗಿಲ್ಲ ಎನ್ನುತ್ತದೆ. ‘ಕಾಗದ ಯಾರ ಕೈಗೆ’ ಎಂಬ ಪ್ರಶ್ನೆಗೆ ಅದು ನೇರ ಉತ್ತರ. 2009ರ ಭೂಕಂಪದ ನಂತರ ಲಾಕ್ವಿಲಾಕ್ಕೆ ಬಂದ ಬೆನೆಡಿಕ್ಟ್ ತಮ್ಮ ಉಣ್ಣೆಯ ಪಾಲಿಯಂ ಪಟ್ಟಿಯನ್ನು ಸೆಲೆಸ್ಟೀನರ ಅವಶೇಷಗಳ ಮೇಲೆ ಇಟ್ಟು ಹೋಗಿದ್ದರು.

ದಾಂತೆ ಹೆಸರು ಹೇಳಿಲ್ಲ. ‘ಡಿವೈನ್ ಕಾಮೆಡಿ’ ಕಾವ್ಯದ ನರಕ ಭಾಗದ ಮೂರನೇ ಸರ್ಗದಲ್ಲಿ, ಹೇಡಿತನದಿಂದ ದೊಡ್ಡ ನಿರಾಕರಣೆ ಮಾಡಿದವನ ನೆರಳು ಕಂಡೆ ಎನ್ನುತ್ತಾನೆ. ಅದು ಸೆಲೆಸ್ಟೀನ್ ಎಂದು ಹಳೆಯ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು, ಬೈಬಲಿನ ಪಿಲಾತ ಅಥವಾ ಏಸಾವ ಎಂದು ಬೇರೆ ಕೆಲವರು. ಬೋನಿಫೇಸ್ ರಾಜಕೀಯದ ಸುಳಿಯಲ್ಲಿ ಸಿಕ್ಕಿ 1302ರಲ್ಲಿ ಊರು ಕಳೆದುಕೊಂಡ ಕವಿಗೆ, ಅವರಿಗೆ ದಾರಿ ಬಿಟ್ಟವರ ಮೇಲೆ ಸಿಟ್ಟಿದ್ದರೆ ಆಶ್ಚರ್ಯವಿಲ್ಲ. ಮುಂದಿನ ತಲೆಮಾರಿನ ಕವಿ ಪೆತ್ರಾರ್ಕ ಅದೇ ತ್ಯಾಗವನ್ನು ಕೊಂಡಾಡಿದ್ದಾನೆ. ಇಬ್ಬರ ಮಾತನ್ನೂ ಇಬ್ಬರು ವಿದ್ಯಾರ್ಥಿಗಳ ಬಾಯಲ್ಲಿ ಎದುರುಬದುರು ಇಡಬಹುದು.

ರಂಗಕ್ಕೆ ಬರೋಣ. ಕೊಳವೆಯನ್ನು ಉಳಿಸಿಕೊಳ್ಳಲೇಬೇಕಿದ್ದರೆ 1297ರ ಒಂದು ಬೀದಿ ದೃಶ್ಯ ಮಾಡಿ, ಕೊಲೊನ್ನ ಕಡೆಯ ಆಳೊಬ್ಬ ಅದನ್ನು ಹೇಳಲಿ, ಕೇಳುವವರಲ್ಲಿ ಒಬ್ಬರಾದರೂ ‘ನೀನು ನೋಡಿದೆಯಾ’ ಎನ್ನಲಿ. ಆ ಪ್ರಶ್ನೆ ಇಲ್ಲದಿದ್ದರೆ ನೋಡುವವರು ನಂಬಿಯೇ ಮನೆಗೆ ಹೋಗುತ್ತಾರೆ. ಕೊನೆ ಎಲ್ಲಿ ಎಂಬುದೂ ಯೋಚಿಸಬೇಕು. ಡಿಸೆಂಬರ್ 13ಕ್ಕೆ ನಿಲ್ಲಿಸಿದರೆ ಗಟ್ಟಿ, ಆದರೆ ಬೋನಿಫೇಸ್ ತಪ್ಪಿನಿಂದ ಪಾರಾಗುತ್ತಾರೆ. ಫುಮೋನೆಗೆ ಎಳೆದರೆ ಕನಿಕರ ಹೆಚ್ಚಾಗಿ, ನಿರ್ಧಾರ ಮರೆಯಾಗುತ್ತದೆ. ನನ್ನನ್ನು ಕೇಳಿದರೆ ವಿಯೆಸ್ತೆ ದಡ ಸರಿ: ದೋಣಿ, ಗಾಳಿ, ಕಾಯುತ್ತಿರುವ ಕಾವಲುಗಾರರು. ಸೆರೆಯ ವಿಷಯ ಒಂದೆರಡು ಸಾಲಿನಲ್ಲಿ ಸೂತ್ರಧಾರ ಹೇಳಬಹುದು.

ವೇಷದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಕೆಲವು. ವ್ಯಾಟಿಕನ್, ಸಿಸ್ಟೀನ್ ಚಾಪೆಲ್, ಬಿಳಿ ಹೊಗೆ ಯಾವುದೂ ಬೇಡ. ಆ ಚಾಪೆಲ್ ಕಟ್ಟಿದ್ದು ಹದಿನೈದನೇ ಶತಮಾನದ ಕೊನೆಗೆ. ಪೋಪ್ ಅಧಿಕಾರದ ಗುರುತು ಆಗ ಕೆಂಪು ಮೇಲಂಗಿ. ತ್ಯಾಗದ ದೃಶ್ಯದಲ್ಲಿ ತೆಗೆದಿಡಬೇಕಾದದ್ದು ಅದೇ, ಒಳಗೆ ಬೂದುಬಣ್ಣದ ಒರಟು ಬಟ್ಟೆ ಮೊದಲೇ ಇರಲಿ. ಕಿರೀಟ ಮೂರು ಸುತ್ತಿನದು ಮಾಡಿಸಬೇಡಿ, ಅದು ಇನ್ನೂ ಬಂದಿರಲಿಲ್ಲ. ಕಾರ್ಡಿನಲ್‌ಗಳಿಗೆ ಕೆಂಪು ಟೋಪಿ ಕೊಡಬಹುದು, ಅದು 1245ರಿಂದ ಇತ್ತು. ತಲೆಯಿಂದ ಕಾಲಿನವರೆಗೆ ಕೆಂಪು ಉಡುಪು ಮಾತ್ರ ಬಹಳ ನಂತರದ್ದು.

ಪಾತ್ರಪಟ್ಟಿಯಲ್ಲಿ ನೀವು ಉದ್ದಕ್ಕೂ ‘ಸೆಲೆಸ್ಟೀನ್’ ಎಂದೇ ಬರೆದಿರಬಹುದು. ಬೆಟ್ಟದ ದೃಶ್ಯದಲ್ಲಿ ಅವರು ಪಿಯೆತ್ರೊ. ಲಾಕ್ವಿಲಾದಿಂದ ಡಿಸೆಂಬರ್ 13ರವರೆಗೆ ಸೆಲೆಸ್ಟೀನ್. ಮೇಲಂಗಿ ಕೆಳಗಿಟ್ಟ ಮರುಗಳಿಗೆಯಿಂದ ಮತ್ತೆ ಪಿಯೆತ್ರೊ. ಕ್ಲೆಮೆಂಟ್ ಅವರನ್ನು ಸಂತರ ಸಾಲಿಗೆ ಸೇರಿಸಿದ್ದೂ ಪೋಪ್ ಹೆಸರಿನಲ್ಲಲ್ಲ, ಮೊರೋನೆಯ ಪಿಯೆತ್ರೊ ಎಂಬ ಹೆಸರಿನಲ್ಲಿ. ವಿಯೆಸ್ತೆಯ ಕಾವಲುಗಾರ ಅವರನ್ನು ಹಿಡಿದಾಗ ಕೂಗಬೇಕಾದ ಹೆಸರು ಅದೇ.